ಡಾಕ್ಟರಮ್ಮ ಹೊತ್ತುಕೊಂಡ ಮಾತು

ಅವರ ಹಣೆಯ ನಟ್ಟನಡುವೆ ಹುಣಸೆಬೀಜದಷ್ಟು ಕಪ್ಪು ಗುರುತೊಂದಿತ್ತು. ನಮ್ಮೂರಿನ ಹೆಂಗಸರು ಅದನ್ನು ಹಚ್ಚೆ ಅಂದುಕೊಂಡಿದ್ದರು. ಶಿಡ್ಲಘಟ್ಟದ ಮುಸ್ಲಿಂ ಮನೆಗಳ ಅಜ್ಜಿಯರಿಗೆ ಅದು ಹೊತ್ತುಹೊತ್ತಿಗೆ ನಮಾಜು ಮಾಡುವವರ ಹಣೆಯಂತೆ ಕಂಡು, ಅವರ ಮೇಲೆ ಒಂದು ತೂಕ ಹೆಚ್ಚೇ ಗೌರವವಿತ್ತು. ಅಸಲು ಸಂಗತಿ ಬೇರೆ. ಡಾಕ್ಟರಮ್ಮ ನಮ್ಮ ಕಡೆಯ ಗಂಡಸರಿಗಿಂತಲೂ ಎತ್ತರ. ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲು ಗಿಡ್ಡ. ಒಳಗಿನಿಂದ ಕೂಗು ಕೇಳಿದರೆ ಬಗ್ಗಬೇಕೆನ್ನುವುದು ಮರೆತು, ಚೌಕಟ್ಟಿಗೆ ಹಣೆ ಬಡಿಸಿಕೊಂಡೇ ಒಳಗೆ ನುಗ್ಗುತ್ತಿದ್ದರು. ಗಾಯ ಮಾಗುವಷ್ಟರಲ್ಲಿ ಇನ್ನೊಂದು ಹೆರಿಗೆ. ಬಾಗಿಲನ್ನು ಎತ್ತರಿಸಬಾರದೇ ಎಂದು ಯಾರಾದರೂ ಕೇಳಿದರೆ, "ಬಗ್ಗೋದು ಕಲೀತೀನಿ ಬಿಡಿ, ಅದಕ್ಕೆ ಖರ್ಚಿಲ್ಲ" ಅನ್ನುತ್ತಿದ್ದರು. ಕಲಿಯಲಿಲ್ಲ.

ಆಗ ಅದನ್ನು ಆಸ್ಪತ್ರೆ ಎನ್ನುವುದಕ್ಕೂ ಸ್ವಲ್ಪ ಧೈರ್ಯ ಬೇಕಿತ್ತು. ಶಿಡ್ಲಘಟ್ಟದ ಊರಾಚೆ, ದಿಬ್ಬೂರಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಒಂದು ಹಳೆಯ ಶೆಡ್ಡು. ಅದರ ಒಡೆಯರಾದ ಸಾಹೇಬರು ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿದ ಮೇಲೆ ಬೀಗ ಹಾಕಿಕೊಂಡಿತ್ತು. ಗೂಡಿನ ವ್ಯಾಪಾರಿಗಳು, ತರಕಾರಿ ಮಂಡಿಯವರು, ಒಬ್ಬಿಬ್ಬರು ನಿವೃತ್ತ ಮೇಷ್ಟರು ಸೇರಿ ಒಂದು ಸಮಿತಿ ಮಾಡಿಕೊಂಡು, ಊರವರದೇ ಆಸ್ಪತ್ರೆಯೊಂದು ಬೇಕು ಎಂದು ಹೊರಟಾಗ ಸಾಹೇಬರು ಬೀಗದ ಕೈ ತಂದು ಮೇಜಿನ ಮೇಲಿಟ್ಟರಂತೆ. "ನಮ್ಮದು ಹುಳದ ವಾಸನೆ ಹೋಗೋಕೆ ಟೈಮ್ ತಗೊಳ್ತದೆ, ಸಹಿಸ್ಕೊಳ್ಳಿ" ಎಂದರಂತೆ. ಆ ವಾಸನೆ ಹೋಗಲೇ ಇಲ್ಲ. ಫಿನಾಯಿಲು ಹಾಕಿ ಎಷ್ಟು ತೊಳೆದರೂ ಮಳೆಗಾಲದಲ್ಲಿ ಗೋಡೆಗಳು ಬೆಂದ ಗೂಡಿನ ವಾಸನೆ ಬಿಡುತ್ತಿದ್ದವು. ಮೂಗು ಮುಚ್ಚಿಕೊಳ್ಳದೆ ಕೆಲಸ ಮಾಡಿದ ಮೊದಲ ಡಾಕ್ಟರು ಇವರೇ. ಹಿಂದೆ ಬಂದಿದ್ದವರೆಲ್ಲ ತಿಂಗಳು ತುಂಬುವುದರೊಳಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ದರು.

ಅವರು ಚಿಂತಾಮಣಿಯವರು. ತಂದೆ ಪುರಸಭೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಆಸ್ಪತ್ರೆಯಲ್ಲಿ ತಮ್ಮ ಮೇಜಿನ ಹಿಂದಿನ ಗೋಡೆಗೆ ಡಾಕ್ಟರಮ್ಮ ಬುದ್ಧನ ಪಟವೊಂದನ್ನು ಹಾಕಿಕೊಂಡಿದ್ದರು. ಮೊದಮೊದಲು ನಮ್ಮ ಹಳ್ಳಿಗಳ ಕೆಲವರು ಆ ಪಟ ನೋಡಿ, ಊರು ಕೇರಿ ವಿಚಾರಿಸಿ, ಅಲ್ಲಿನ ಹೂಜಿಯ ನೀರು ಮುಟ್ಟುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಅದು ಗೊತ್ತಾಗದೆ ಇರುತ್ತಿತ್ತೇ? "ನೀರು ಮನೇಲೇ ಕುಡೀರಿ, ಮಾತ್ರೆ ಮಾತ್ರ ನನ್ನೆದುರಿಗೇ ನುಂಗಿ" ಎಂದು ನಗುತ್ತಾ ಹೇಳಿಬಿಡುತ್ತಿದ್ದರು. ತೆಲುಗಿನವರು ಬಂದರೆ ತೆಲುಗು, ಉರ್ದುವಿನವರು ಬಂದರೆ ಉರ್ದು. ಬೈಗುಳ ಮಾತ್ರ ಎಲ್ಲರಿಗೂ ಕನ್ನಡದಲ್ಲೇ.

ರೇಷ್ಮೆ ಸಾಕುವ ಹಳ್ಳಿಗಳಲ್ಲಿ ಡಾಕ್ಟರಿಕೆ ಮಾಡುವುದು ಸುಲಭವಲ್ಲ. ನಮಗೆ ತಾರೀಖು, ವಾರ ಯಾವುದೂ ಲೆಕ್ಕಕ್ಕಿಲ್ಲ; ಹುಳು ಯಾವ ಹಂತದಲ್ಲಿದೆ ಎನ್ನುವುದೇ ಪಂಚಾಂಗ. ಹುಳು ಹಣ್ಣಾಗಿ ಮೈ ಹಳದಿಗೆ ತಿರುಗಿತೆಂದರೆ, ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದು ಅಲ್ಲಿ ಗೂಡು ಕಟ್ಟುತ್ತದೆ. ಆ ಹೊತ್ತಿನಲ್ಲಿ ಮನೆಯವರು ಊಟವನ್ನೂ ನಿಂತೇ ಮಾಡುತ್ತಾರೆ. ಇದರ ಜೊತೆಗೆ ಮಡಿ ಬೇರೆ. ಆಸ್ಪತ್ರೆಯ ವಾಸನೆ ಹೊತ್ತು ಬಂದವರು ತಲೆಗೆ ಸ್ನಾನ ಮಾಡದೆ ಹುಳುಮನೆಗೆ ಕಾಲಿಡುವಂತಿಲ್ಲ. ಮನೆಯಲ್ಲಿ ಹೆರಿಗೆಯಾದರೆ ಪುರುಡು. ಅದು ಕಳೆಯುವವರೆಗೆ ಆ ಮನೆಯವರ ಕೈ ಹುಳುವಿಗೆ ಸೋಕಬಾರದು. ಬೆಳೆ ಕೈಗೆ ಬರುವ ಹೊತ್ತಿಗೆ ಮಗು ಬಂದರೆ ಬೆಳೆ ತಿಪ್ಪೆಗೆ. ಹಾಗಾಗಿ ಬಸುರಿಯರು ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದೂ, ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದೂ ನಮ್ಮಲ್ಲಿ ಹೊಸದೇನಾಗಿರಲಿಲ್ಲ.

ಡಾಕ್ಟರಮ್ಮ ಇದರ ಜೊತೆ ಜಗಳಕ್ಕೆ ಹೋಗಲಿಲ್ಲ. ಅವರೇ ಹುಳುವಿನ ಲೆಕ್ಕ ಕಲಿತರು; ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ ನಾವು ಜ್ವರ ಅನ್ನುವುದನ್ನೂ ಕಲಿತರು. "ಹುಳು ಎಷ್ಟನೇ ಜ್ವರದಲ್ಲಿದೆಯಮ್ಮ? ಸರಿ, ಗೂಡು ಬಿಡಿಸಿದ ಮೇಲೆ ಬಂದ್ಬಿಡು" ಎಂದು ಮುಂದಿನ ತಪಾಸಣೆಗೆ ಹೇಳುತ್ತಿದ್ದರು. ಹೀಗೆ ಹೇಳಿದ್ದರಿಂದಲೇ ಹೆಂಗಸರು ಬರಲು ಶುರುಮಾಡಿದರು. ಸಮಿತಿಯ ಮೇಷ್ಟರೊಬ್ಬರು, ನೀವು ಇವರಿಗೆ ತುಂಬ ಸಡಿಲ ಬಿಡುತ್ತೀರಿ ಎಂದು ಗೊಣಗಿದಾಗ ಡಾಕ್ಟರಮ್ಮ ಹೇಳಿದ ಮಾತು ಇದು: "ಮೊದ್ಲು ಬರೋದು ಕಲೀಲಿ ಸಾರ್. ನಾನು ಗದರಿಸ್ಬಿಟ್ರೆ ಇವ್ರು ಮನೇಲೇ ಕೂತ್ಕೋತಾರೆ." ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗುವುದಿಲ್ಲ. ಆದರೂ ನಮ್ಮಕ್ಕ ಹೋದದ್ದು ಆ ಮಾತಿನಿಂದಲೇ.

ನಾನಾಗ ಪಿಯುಸಿ ಓದುತ್ತಿದ್ದೆ. ಅಕ್ಕ ಚೊಚ್ಚಲ ಹೆರಿಗೆಗೆಂದು ಗೌರಿಬಿದನೂರಿನ ಗಂಡನ ಮನೆಯಿಂದ ಬಂದಿದ್ದಳು. ನಮ್ಮಮ್ಮ ಹುಳು ಸಾಕುವುದರಲ್ಲಿ ಊರಿಗೇ ಹೆಸರುವಾಸಿ. ಅಕ್ಕನಿಗೆ ದಿನ ತುಂಬುತ್ತಿದ್ದಾಗಲೇ ಹುಳು ಹಣ್ಣಾಗತೊಡಗಿತು. ಬೆಳಿಗ್ಗೆ ಬೇಗ ಹೋಗಿ ತೋರಿಸಿಕೊಂಡು ಬಂದುಬಿಡೋಣ ಎಂದು ಅಮ್ಮ, ಅಕ್ಕ, ನಾನು ಮೂವರೂ ಬಸ್ಸು ಹತ್ತಿದೆವು. ಡಾಕ್ಟರಮ್ಮ ಅಕ್ಕನ ಕಾಲನ್ನು ಬೆರಳಲ್ಲಿ ಒತ್ತಿ ನೋಡಿದರು. ಬಿ.ಪಿ. ನೋಡಿದರು. ಇನ್ನೊಮ್ಮೆ ನೋಡಿದರು.

"ಇವಳನ್ನ ಇವತ್ತೇ ಇಲ್ಲಿ ಇರಿಸ್ಕೋತೀನಿ ಕಣಮ್ಮ. ಬಿ.ಪಿ. ಜಾಸ್ತಿ ಇದೆ. ಹೆರಿಗೆ ಮಾಡಿಸ್ಬಿಡೋದೇ ಒಳ್ಳೇದು" ಎಂದರು.

ಅಮ್ಮ ಗಾಬರಿಯಾದಳು. "ಅಯ್ಯೋ, ಹುಳು ಹಣ್ಣಾಗ್ತಾ ಐತೆ ಡಾಕ್ಟ್ರಮ್ಮ. ಈಗ ಪುರುಡು ಬಂದ್ರೆ ನಾನು ಒಳಕ್ಕೆ ಹೋಗಂಗಿಲ್ಲ. ಅಷ್ಟನ್ನೂ ತಿಪ್ಪೆಗೆ ಸುರೀಬೇಕಾಗ್ತದೆ."

"ಹುಳುಗಿಂತ ಮಗಳು ದೊಡ್ಡೋಳಲ್ವೇನಮ್ಮ?"

"ದೊಡ್ಡೋಳೇ ತಾಯಿ. ಅವಳ ಬಾಣಂತನಕ್ಕೇ ಅಲ್ವಾ ಈ ಬೆಳೆ ಇಟ್ಟಿರೋದು? ಚಂದ್ರಿಕೆಗೆ ಬಿಟ್ಟಿದ್ದೇ ಕರ್ಕೊಂಡು ಬರ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ" ಎನ್ನುತ್ತಾ ಅಮ್ಮ ನಿಜಕ್ಕೂ ಬಗ್ಗಿ ಅವರ ಕಾಲು ಹಿಡಿದುಕೊಂಡಳು. ಅಕ್ಕ ಬೇರೆ, "ನಂಗೇನೂ ಆಗಿಲ್ಲ ಮೇಡಂ, ಚೆನ್ನಾಗೇ ಇದ್ದೀನಿ" ಎಂದು ನಕ್ಕಳು.

ಬಾಗಿಲಾಚೆ ಬೆಂಚಿನ ಮೇಲೆ ಬೇರೆ ಬೇರೆ ಊರಿನ ಬಸುರಿಯರು ಸಾಲಾಗಿ ಕೂತಿದ್ದರು. ಎಲ್ಲರದೂ ರೇಷ್ಮೆ ಮನೆಗಳೇ. ಡಾಕ್ಟರಮ್ಮ ಒಮ್ಮೆ ಅವರ ಕಡೆ ನೋಡಿದರು. ಈಗ ಕಳಿಸುವುದಿಲ್ಲವೆಂದು ಹಠ ಹಿಡಿದರೆ ಈ ಬೆಂಚು ನಾಳೆಯಿಂದ ಖಾಲಿ ಎಂದು ಅವರಿಗೆ ಅನ್ನಿಸಿರಬೇಕು. ಮಾತ್ರೆ ಕೊಟ್ಟರು. ಉಪ್ಪು ಬೇಡ, ತಲೆನೋವು ಬಂದರೆ, ಕಣ್ಣು ಮಂಜಾದರೆ ಇರುವ ಹಾಗೇ ಎತ್ತಿಕೊಂಡು ಬನ್ನಿ ಎಂದು ಅಕ್ಕನಿಗೂ ಅಮ್ಮನಿಗೂ ಬೇರೆ ಬೇರೆಯಾಗಿ ಹೇಳಿದರು. "ಸರಿ, ಹೋಗ್ಬನ್ನಿ" ಎಂದರು.

ಮಾರನೆಯ ದಿನ ಅಕ್ಕನಿಗೆ ತಲೆನೋವು ಬಂದಿತ್ತೆಂದು ಆಮೇಲೆ ಗೊತ್ತಾಯಿತು. ಮನೆತುಂಬ ಹುಳು ಹಣ್ಣಾಗಿ ಅಮ್ಮನ ಎರಡು ಕೈ ಸಾಲದೆ ಇದ್ದಾಗ ಅವಳು ಅದನ್ನು ಹೇಗೆ ಹೇಳಿಯಾಳು? ಮಧ್ಯಾಹ್ನ ಅಡುಗೆಮನೆಯಲ್ಲಿ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ. ಟೊಮೆಟೊ ಸಾಗಿಸುವ ಟೆಂಪೊ ಒಂದರಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರಮ್ಮ ಮಗುವನ್ನು ಉಳಿಸಿದರು. ಅಕ್ಕ ಉಳಿಯಲಿಲ್ಲ. ನಮ್ಮ ಮನೆಗೆ ಪುರುಡೂ ಸೂತಕವೂ ಒಟ್ಟಿಗೇ ಬಂದವು.

ತಿಥಿಯ ದಿನ ಡಾಕ್ಟರಮ್ಮ ನಮ್ಮೂರಿಗೆ ಬಂದರು. ಯಾರೂ ಕರೆದಿರಲಿಲ್ಲ. ನಾವು ಯಾರೂ ಹುಳುಮನೆಗೆ ಹೋಗುವಂತಿರಲಿಲ್ಲವಾದ್ದರಿಂದ, ಅಕ್ಕಪಕ್ಕದ ಮನೆಗಳ ಹೆಂಗಸರು ತಾವಾಗಿಯೇ ಬಂದು ಉಳಿದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಈಗ ಜಗಲಿಯಲ್ಲಿ ಕೂತು ಗೂಡು ಬಿಡಿಸುತ್ತಿದ್ದರು. ಗೂಡು ಬಹಳ ಚೆನ್ನಾಗಿ ಕಟ್ಟಿತ್ತು. ಡಾಕ್ಟರಮ್ಮ ಅಂಗಳದಲ್ಲಿ ನಿಂತು ಆ ಕೈಗಳನ್ನೇ ನೋಡುತ್ತಿದ್ದರು. ಆಗ ಅಮ್ಮ ಒಳಗಿನಿಂದ ಬಂದವಳೇ ಎಲ್ಲರ ಮುಂದೆ ಕೂಗಿದಳು: "ಈಯಮ್ಮನೇ ವಾಪಸ್ ಕಳ್ಸಿದ್ದು! ಏನೂ ಆಗಲ್ಲ ಹೋಗಿ ಅಂತ ಕಳ್ಸಿದ್ಳು! ನನ್ನ ಮಗಳನ್ನ ತಿಂದ್ಕೊಂಡ್ಳು!"

ಹಾಗಲ್ಲಮ್ಮ ಎನ್ನಲು ನಾನು ಬಾಯಿ ತೆರೆದೆ. ಡಾಕ್ಟರಮ್ಮ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಹೌದಮ್ಮ. ನಾನೇ ಕಳಿಸಿದ್ದು" ಎಂದರು. ಅಷ್ಟು ಹೇಳಿ, ಕೈಮುಗಿದು, ಬಸ್ ಸ್ಟಾಪಿನ ಕಡೆಗೆ ನಡೆದುಹೋದರು.

ಮಾತು ಊರಿಂದೂರಿಗೆ ಹಬ್ಬಿತು. ಅವರು ಹೆದರಿದ್ದಂತೆಯೇ ಬೆಂಚು ಖಾಲಿಯಾಯಿತು. ಸಮಿತಿಯವರು ಕರೆದು ಕೇಳಿದಾಗಲೂ ಅದೇ ಉತ್ತರ ಕೊಟ್ಟರಂತೆ. ಮಗುವಿಗೆ ಲಸಿಕೆ ಹಾಕಿಸಲು ಅಪ್ಪ ನನ್ನನ್ನು ಕರೆದುಕೊಂಡು ಹೋದಾಗ, ಅಪ್ಪ ಹೊರಗಿದ್ದ ಸಮಯ ನೋಡಿ ನಾನು ಅವರನ್ನು ಕೇಳಿಯೇಬಿಟ್ಟೆ. "ನೀವು ಇರಿಸ್ಕೋತೀನಿ ಅಂದಿದ್ರಿ. ನಾನು ಅಲ್ಲೇ ಇದ್ದೆ. ಯಾಕೆ ಹೇಳ್ಲಿಲ್ಲ?"

ಮಗುವಿನ ತೊಡೆಗೆ ಹತ್ತಿ ಒತ್ತಿ ಹಿಡಿದಿದ್ದವರು ತಲೆಯೆತ್ತದೆ ಹೇಳಿದರು: "ನಿಮ್ಮಮ್ಮ ಈ ಮಗುನ ಸಾಕಬೇಕು ಕಣೇ. ತಾನೇ ಮಗಳನ್ನ ಕಳ್ಕೊಂಡೆ ಅಂತ ಕೊರಗ್ತಾ ಕೂತ್ರೆ ಸಾಕೋದು ಹೇಗೆ? ನನ್ನ ಮೇಲೆ ಕೋಪ ಇದ್ರೆ ಅವ್ರು ಎದ್ದು ಓಡಾಡ್ತಾರೆ. ಇರ್ಲಿ ಬಿಡು. ನೀನು ಹೇಳಕ್ಕೆ ಹೋಗ್ಬೇಡ, ಮಾತು ಕೊಡು." ಹತ್ತಿ ತೆಗೆದು ನೋಡಿ ಇನ್ನೊಂದು ಮಾತು ಸೇರಿಸಿದರು. "ತಾಯಿ ಅಂದ್ಮೇಲೆ ಕೇಳ್ತಾಳೆ. ಆಗಲ್ಲ ಅನ್ನೋದು ನನ್ನ ಕೆಲಸ ಆಗಿತ್ತು. ಅದನ್ನ ನಾನು ಮಾಡ್ಲಿಲ್ಲ."

ಅವತ್ತಿನಿಂದ ಅವರು ಯಾರಿಗೂ "ಸರಿ, ಹೋಗ್ಬನ್ನಿ" ಎಂದದ್ದಿಲ್ಲ. ಆದರೆ ಬರೀ ಗದರಿಸಿಕೊಂಡೂ ಕೂರಲಿಲ್ಲ. ನಮ್ಮ ಜಗಲಿಯಲ್ಲಿ ನೋಡಿದ ಆ ಕೈಗಳು ಅವರ ತಲೆಯಿಂದ ಹೋಗಿರಲಿಲ್ಲ. ತಿಥಿಗೆ ಬಂದ ಕೈಗಳು ಮೊದಲೇ ಯಾಕೆ ಬರಬಾರದು? ಹೊಲದ ಕೆಲಸಕ್ಕೆ ಒಬ್ಬರ ಮನೆಗೊಬ್ಬರು ಮುಯ್ಯಾಳು ಹೋಗುವುದು ನಮ್ಮಲ್ಲಿ ಇದ್ದದ್ದೇ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹುಳುವಿಗೆ ಮಾತ್ರ ಅದು ಇರಲಿಲ್ಲ. ಹುಳುಮನೆಗೆ ಪರರನ್ನು ಬಿಟ್ಟರೆ ದೃಷ್ಟಿಯಾಗುತ್ತದೆ ಎಂದು ಹೆದರಿಕೆ. ಡಾಕ್ಟರಮ್ಮ ಸಂಜೆ ಹೊತ್ತು ಹಳ್ಳಿಗಳಿಗೆ ಹೋಗಿ, ಜಗಲಿ ಜಗಲಿ ಕೂತು, ಬಸುರಿಯಿರುವ ಮನೆಯ ಹುಳುವನ್ನು ಎದುರು ಮನೆಯವರು ನೋಡಿಕೊಳ್ಳಬೇಕೆಂದು ಒಪ್ಪಿಸತೊಡಗಿದರು. ನಾನು ಡಿಗ್ರಿಗೆ ಸೇರಿದ ಮೇಲೆ ಅವರ ಜೊತೆ ಎಷ್ಟೋ ಊರುಗಳಿಗೆ ಹೋಗಿದ್ದೇನೆ. ಕೆಲವು ಮನೆಗಳಲ್ಲಿ ಬಾಗಿಲು ಹಾಕಿಕೊಂಡರು. ಒಂದು ಊರಿನಲ್ಲಿ ಮುದುಕಿಯೊಬ್ಬಳು ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, "ಹುಳು ಮತ್ತೆ ಮೊಟ್ಟೆಯಿಂದ ಬರ್ತದೆ ಅಮ್ಮಾ, ಮಗಳು ಬರಲ್ಲ" ಎಂದರು. ಮುದುಕಿ ಕೂರಲು ಚಾಪೆ ಹಾಸಿದಳು.

ಆಸ್ಪತ್ರೆ ಬೆಳೆದದ್ದು ಹೀಗೆ. ದಿನ ತುಂಬಿದವರು ಮೊದಲೇ ಬಂದು ಇರಲಿ ಎಂದು ಶೆಡ್ಡಿನ ಪಕ್ಕದಲ್ಲಿ ಶೀಟಿನ ಉದ್ದನೆಯ ಕೋಣೆಯೊಂದು ಎದ್ದಿತು. ಅದು ತುಂಬತೊಡಗಿದ ಮೇಲೆ ಹೆಂಚಿನದು ಬಂತು. ಮಕ್ಕಳ ಡಾಕ್ಟರು ಬಂದರು, ಆಪರೇಷನ್ ಕೋಣೆ ಬಂತು, ಆಂಬುಲೆನ್ಸು ಬಂತು. ಚಿಂತಾಮಣಿ ಕಡೆಯಿಂದಲೂ ಜನ ಬರಲು ಶುರುವಾದ ಮೇಲೆ ಸಮಿತಿಯವರಿಗೆ ಹುರುಪು ಏರಿತು. ಈಗ ಅಲ್ಲಿ ಮಹಡಿಯ ಕಟ್ಟಡ, ಲಿಫ್ಟು, ಗಾಜಿನ ಬಾಗಿಲು, ಟೋಕನ್ ಕೂಗುವ ಯಂತ್ರ ಎಲ್ಲ ಇದೆ. ಕಿಡ್ನಿ ರೋಗಿಗಳಿಗೆ ಡಯಾಲಿಸಿಸ್ ಇದೆ. ಇದಾವುದೂ ಬೇಡವಾಗಿತ್ತು ಎಂದು ಹೇಳುವ ಹುಚ್ಚು ನನಗಿಲ್ಲ. ನಮ್ಮಪ್ಪ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿಯೇ. ಆದರೆ ಹಳೆಯ ಶೆಡ್ಡನ್ನು ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಿದಾಗ ದಿನ ತುಂಬಿದವರ ಕೋಣೆಯೂ ಹೋಯಿತು. ಮೊದಲೇ ಬಂದು ಕೂರುವವರಿಗೆ ಈಗ ಮಂಚ ಕೊಡಲಾಗುವುದಿಲ್ಲವಂತೆ. ಡಾಕ್ಟರಮ್ಮ ಸಮಿತಿಯ ಸಭೆಯಲ್ಲಿ ಒಬ್ಬರೇ ಎದ್ದುನಿಂತು ಜಗಳವಾಡಿದರು. ಹೊಸ ಸಮಿತಿಯ ಯಜಮಾನರೊಬ್ಬರು, "ಮೇಡಂ, ಒಬ್ಬ ಹೆಣ್ಣುಮಗಳನ್ನ ವಾಪಸ್ ಕಳಿಸಿದ್ದು ನೀವೇ ಅಲ್ವಾ? ಈಗ ನಮಗೆ ಬುದ್ಧಿ ಹೇಳ್ತೀರಾ?" ಎಂದರಂತೆ. ಅವರು ಕೂತುಬಿಟ್ಟರು. ಇದನ್ನು ನನಗೆ ಹೇಳಿದವರು ಅಲ್ಲಿದ್ದ ನರ್ಸಮ್ಮ. ಹೇಳುತ್ತಾ ಆಕೆ ಅತ್ತರು. ಕೇಳಿದ ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಅಮ್ಮ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಮಲಗಿದ್ದಾಗಲೂ ಗೇಟಿನ ಹೊರಗೆ ನಿಂತು ನನ್ನ ಕೈಯಲ್ಲಿ ಗಂಜಿ ಕೊಟ್ಟು ಕಳಿಸುತ್ತಿದ್ದಳು. ಅಕ್ಕನ ಮಗಳನ್ನು ಅವಳೇ ಸಾಕಿದಳು. ಭಾವ ಬೇರೆ ಮದುವೆಯಾಗಿ ಆ ಕಡೆಯವರಾದರು. ಡಾಕ್ಟರಮ್ಮ ಹೇಳಿದ್ದು ನಿಜವಾಗಿತ್ತು: ಅಮ್ಮನನ್ನು ಎದ್ದು ಓಡಾಡಿಸಿದ್ದು ಆ ಕೋಪವೇ. ಆದರೆ ಕೋಪವನ್ನು ಒಬ್ಬರೇ ತಿಂದು ಮುಗಿಸಲಾಗುವುದಿಲ್ಲ. ಮೊಮ್ಮಗಳಿಗೂ ತುತ್ತಿನ ಜೊತೆ ಅದು ಸೇರಿತು. ನಿಮ್ಮಮ್ಮ ಹೇಗೆ ಹೋದಳು ಎಂದು ಯಾರಾದರೂ ಕೇಳಿದರೆ ಆ ಮಗು ಶಾಲೆಯ ಪಾಠದಂತೆ ಒಪ್ಪಿಸುತ್ತಿತ್ತು: "ಡಾಕ್ಟ್ರಮ್ಮ ವಾಪಸ್ ಕಳಿಸ್ಬಿಟ್ರು." ನಾನು ಶಿಡ್ಲಘಟ್ಟದ ಕಾಲೇಜಿನಲ್ಲಿ ಉಪನ್ಯಾಸಕಿಯಾದ ಮೇಲೆ ವಾರಕ್ಕೊಮ್ಮೆಯಾದರೂ ಡಾಕ್ಟರಮ್ಮನನ್ನು ನೋಡಲು ಹೋಗುತ್ತಿದ್ದೆ. ಕೂತ ತಕ್ಷಣ ಅವರ ಮೊದಲ ಪ್ರಶ್ನೆ ಮಗುವಿನದೇ. ಹಾಲುಹಲ್ಲು ಬಿತ್ತಾ, ದಡಾರ ಬಂದಿದ್ದು ವಾಸಿಯಾಯ್ತಾ, ಲೆಕ್ಕದಲ್ಲಿ ಹೇಗಿದ್ದಾಳೆ, ದೊಡ್ಡವಳಾದಳಂತಲ್ಲ. ಒಂದು ದಿನ, "ಕರ್ಕೊಂಡು ಬರ್ಲಾ ಮೇಡಂ? ನಿಮ್ಮನ್ನ ನೋಡ್ಲಿ" ಎಂದೆ. ಅವರ ಮುಖ ಒಂದು ಕ್ಷಣ ಅರಳಿತು. ಮರುಕ್ಷಣವೇ, "ಬೇಡಮ್ಮ. ಅಜ್ಜಿ ಮಾತು ನಂಬ್ಕೊಂಡು ಬೆಳೀತಿರೋ ಮಗು, ಅದಕ್ಕೆ ಗೊಂದಲ ಮಾಡ್ಬೇಡ" ಎಂದು ಸ್ಟೆತಸ್ಕೋಪನ್ನು ಕುತ್ತಿಗೆಗೆ ಹಾಕಿಕೊಂಡು ವಾರ್ಡಿಗೆ ಹೊರಟರು.

ಹೋದ ವರ್ಷ ಅವರು ತೀರಿಕೊಂಡರು. ಮದುವೆಯಾಗಿರಲಿಲ್ಲ. ಚಿಂತಾಮಣಿಯ ತಮ್ಮನ ಮನೆಗೆ ಒಯ್ಯುವ ಮೊದಲು ಬೆಳಗಿನ ಹೊತ್ತು ಆಸ್ಪತ್ರೆಯ ಮುಂದೆ ಇರಿಸಿದ್ದರು. ನಾನು ಸೀರೆ ಬದಲಿಸಿ ಹೊರಡುವಾಗ ಅಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಬಸ್ಸು ಹತ್ತಿದೆವು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿಬ್ಬೂರಹಳ್ಳಿಯ ಕಡೆಯ ಹೆಂಗಸರು ಟೆಂಪೊಗಳಲ್ಲಿ ಬಂದಿದ್ದರು. ಬುರ್ಖಾ ತೊಟ್ಟವರು ಒಂದು ಕಡೆ ಗುಂಪಾಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಇವಳು ಅವರ ಕೈಯಲ್ಲಿ ಹುಟ್ಟಿದವಳು, ಇವನೂ ಅವರ ಕೈಯಲ್ಲೇ ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಡಾಕ್ಟರಮ್ಮನ ತಲೆದೆಸೆಯಲ್ಲಿ ಕೂತು ಅವರ ಮನೆಯವರು ಬುದ್ಧವಂದನೆ ಹೇಳುತ್ತಿದ್ದರು. ಅಮ್ಮ ಹತ್ತಿರ ಹೋಗಲಿಲ್ಲ. ಗೇಟಿನ ಒಳಗೆ ಒಂದು ಹೆಜ್ಜೆ ಇಟ್ಟು, ಕಂಬ ಹಿಡಿದುಕೊಂಡು, ಅವರನ್ನು ವ್ಯಾನಿಗೆ ಏರಿಸುವವರೆಗೂ ನಿಂತಿದ್ದಳು.

ಮನೆಗೆ ಬಂದಾಗ ಅಕ್ಕನ ಮಗಳು ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಈಗ ಚಿಕ್ಕಬಳ್ಳಾಪುರದ ಬ್ಯಾಂಕೊಂದರಲ್ಲಿ ಇದ್ದಾಳೆ. "ಅಲ್ಲಿಗ್ಯಾಕಜ್ಜಿ ಹೋಗಿದ್ದೆ?" ಎಂದಳು.

ಅಮ್ಮ ನೆಲದ ಮೇಲೆ ಕುಸಿದು ಕೂತಳು. "ನಿಮ್ಮಮ್ಮನ್ನ ಇಲ್ಲೇ ಇರಿಸ್ಕೋತೀನಿ ಅಂದಿದ್ರು ಕಣೇ ಆಯಮ್ಮ. ಕಾಲು ಹಿಡ್ದು ಕರ್ಕೊಂಡು ಬಂದೋಳು ನಾನು. ಊರೆಲ್ಲ ಅವರನ್ನ ಅಂದ್ರೂ ಒಂದ್ ದಿನ ಬಾಯಿ ಬಿಡ್ಲಿಲ್ಲ ಅವ್ರು. ಬಿಟ್ಟಿದ್ರೆ ನಾನು ಬದುಕ್ತಿರ್ಲಿಲ್ಲ" ಎಂದಳು. ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದನ್ನು ಹೇಳಿ ಮುಗಿಸಿ, ಗೋಡೆಗೆ ಒರಗಿ ದೊಡ್ಡದಾಗಿ ಅತ್ತಳು. ಅಕ್ಕ ಹೋದಾಗಲೂ ನಾನು ಅವಳು ಹಾಗೆ ಅತ್ತದ್ದನ್ನು ಕಂಡಿರಲಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಚಿಕ್ಕಮ್ಮ?"

"ಗೊತ್ತಿತ್ತು. ಹೇಳ್ಬೇಡ ಅಂತ ಅವ್ರೇ ಮಾತು ತಗೊಂಡಿದ್ರು."

ಅವಳು ಬಾಚಣಿಗೆ ಹಿಡಿದುಕೊಂಡೇ ಮಂಚದ ಅಂಚಿಗೆ ಕೂತಳು. "ತಾತ ಹುಷಾರಿಲ್ದಾಗ ಅಲ್ಲಿ ಮೆಟ್ಟಿಲ ಮೇಲೆ ಎದುರಿಗೆ ಸಿಕ್ಕಿದ್ರು ಚಿಕ್ಕಮ್ಮ. ನನ್ನ ನೋಡಿ ಹಾಗೇ ನಿಂತ್ಬಿಟ್ರು. ಊಟ ಆಯ್ತೇನಮ್ಮ ಅಂದ್ರು. ನಾನು ಮುಖ ತಿರುಗಿಸ್ಕೊಂಡೆ. ಅವ್ರು ಗೋಡೆಗೆ ಒತ್ತಿ ನಿಂತು ನಂಗೆ ದಾರಿ ಬಿಟ್ರು." ಬಾಚಣಿಗೆಯನ್ನು ಮಂಚದ ಮೇಲಿಟ್ಟಳು. "ಆಯ್ತು ಅಂತ ಒಂದು ಮಾತು ಅಂದಿದ್ರೆ ನಂದೇನು ಹೋಗ್ತಿತ್ತು?"